ಹೇಳಿಬಿಟ್ಟರೆ ಮುಗಿಯಿತೇ ಪಾಪ?

ಸಿನಿಮಾದಲ್ಲಿ ಚರ್ಚ್ ಬಂತೆಂದರೆ ಅಲ್ಲೊಂದು ಮರದ ಗೂಡು ಇದ್ದೇ ಇರುತ್ತದೆ. ಒಳಗೆ ನಿಲುವಂಗಿ ತೊಟ್ಟ ಫಾದರ್, ಹೊರಗೆ ಮಂಡಿಯೂರಿದ ನಾಯಕ, ನಡುವೆ ಒಂದು ಜಾಲರಿ. 'ಫಾದರ್, ನಾನು ತಪ್ಪು ಮಾಡಿದ್ದೇನೆ' ಎಂದು ಅವನು ಕಣ್ಣೀರು ಹಾಕುತ್ತಾನೆ. ಮುಂದಿನ ದೃಶ್ಯದಲ್ಲಿ ಹೂವಿನಂತೆ ಹಗುರಾಗಿ ಹೊರಗೆ ಬರುತ್ತಾನೆ. ಇದನ್ನೆಲ್ಲ ನೋಡಿದ ಕಾಲೇಜಿನ ಗೆಳೆಯರು ನಮ್ಮಂಥ ಕ್ಯಾಥೊಲಿಕ್ ಹುಡುಗರನ್ನು ಕಿಚಾಯಿಸುವುದು ಹೀಗೆ: 'ನಿಮಗೇನಪ್ಪಾ, ಆರಾಮ! ವಾರವಿಡೀ ಏನು ಬೇಕಾದ್ರೂ ಮಾಡಿ, ಶನಿವಾರ ಹೋಗಿ ಫಾದರ್ ಹತ್ರ ಹೇಳಿಬಿಟ್ರೆ ಅಕೌಂಟ್ ಕ್ಲಿಯರ್!'

ತಮಾಷೆಯ ಮಾತೇನೋ ಹೌದು. ಆದರೆ ಅದರೊಳಗೆ ಒಂದು ಗಂಭೀರ ಪ್ರಶ್ನೆ ಇದೆ. ದೇವರು ಕ್ಷಮಿಸುತ್ತಾನೆ ಎಂದು ಮೊದಲೇ ಗೊತ್ತಿದ್ದರೆ ಮನುಷ್ಯ ತಪ್ಪು ಮಾಡಲು ಹೆದರುವುದಾದರೂ ಯಾಕೆ? ಕ್ಷಮೆ ಅಷ್ಟು ಅಗ್ಗವೇ?

ಐದು ಮೆಟ್ಟಿಲು

ಕನ್ನಡ ಕ್ರೈಸ್ತರು ಇದನ್ನು ಪಾಪನಿವೇದನೆ ಎನ್ನುತ್ತಾರೆ. ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ಇದು 'ಕುಮ್ಸಾರ್'. ಸಿನಿಮಾ ತೋರಿಸುವುದು ಇದರ ಒಂದು ತುಣುಕನ್ನು ಮಾತ್ರ. ನಿಜದಲ್ಲಿ ಇದಕ್ಕೆ ಐದು ಮೆಟ್ಟಿಲುಗಳಿವೆ. ಮೊದಲನೆಯದು ಆತ್ಮಪರಿಶೋಧನೆ, ಅಂದರೆ ಒಬ್ಬರೇ ಕುಳಿತು ತಮ್ಮ ಬದುಕನ್ನು ತಾವೇ ಕೆದಕಿ ನೋಡುವುದು. ಎರಡನೆಯದು ಮಾಡಿದ್ದಕ್ಕೆ ನಿಜವಾಗಿ ನೊಂದು, ಮತ್ತೆ ಮಾಡುವುದಿಲ್ಲ ಎಂದು ನಿಶ್ಚಯಿಸುವುದು. ಮೂರನೆಯದು ಗುರುಗಳ ಮುಂದೆ ಬಾಯಿಬಿಟ್ಟು ಹೇಳುವುದು. ನಾಲ್ಕನೆಯದು ದೇವರ ಹೆಸರಿನಲ್ಲಿ ಗುರುಗಳು ನೀಡುವ ಕ್ಷಮೆ. ಐದನೆಯದು ಪ್ರಾಯಶ್ಚಿತ್ತ.

ಎರಡನೆಯ ಮೆಟ್ಟಿಲು ಹತ್ತದವನಿಗೆ ನಾಲ್ಕನೆಯದು ಸಿಗುವುದಿಲ್ಲ. 'ನಾಳೆ ಮತ್ತೆ ಮಾಡ್ತೀನಿ, ಇವತ್ತಿಗೆ ಕ್ಷಮಿಸಿಬಿಡಿ' ಎಂದುಕೊಂಡು ಹೋದವನ ನಿವೇದನೆಗೆ ಸಭೆಯ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಗೆಳೆಯರ ಕಿಚಾಯಿಕೆಗೆ ಮೊದಲ ಉತ್ತರ ಇದು.

ಇನ್ನು ಪಾಪ ಎಂದರೆ ಕೊಲೆ, ಕಳ್ಳತನ ಮಾತ್ರವಲ್ಲ. ಬಲಿಪೂಜೆಯ ಆರಂಭದಲ್ಲಿ ಕ್ಯಾಥೊಲಿಕರು ಎದೆ ತಟ್ಟಿಕೊಂಡು ನಾಲ್ಕು ಬಗೆಯ ಪಾಪಗಳನ್ನು ಒಪ್ಪಿಕೊಳ್ಳುತ್ತಾರೆ. ಮನಸ್ಸಿನಲ್ಲಿ ಮಾಡಿದ್ದು, ಮಾತಿನಲ್ಲಿ ಮಾಡಿದ್ದು, ಕೈಯಾರೆ ಮಾಡಿದ್ದು, ಜೊತೆಗೆ ಮಾಡಬೇಕಾಗಿದ್ದೂ ಮಾಡದೆ ಬಿಟ್ಟದ್ದು. ನಮ್ಮ ವಯಸ್ಸಿನವರನ್ನು ಹೆಚ್ಚು ಚುಚ್ಚಬೇಕಾದದ್ದು ಈ ನಾಲ್ಕನೆಯದೇ. ರಸ್ತೆಯಲ್ಲಿ ಬಿದ್ದವನನ್ನು ಎತ್ತದೆ ಮೊಬೈಲಿನಲ್ಲಿ ವಿಡಿಯೊ ಮಾಡಿದವನು ಕಾನೂನಿನ ಕಣ್ಣಿಗೆ ಬೀಳದೆ ಹೋಗಬಹುದು. ಆತ್ಮಪರಿಶೋಧನೆಗೆ ಕುಳಿತರೆ ಮಾತ್ರ ತಪ್ಪಿಸಿಕೊಳ್ಳಲಾರ.

ಗುರುಗಳ ಮುಂದೆಯೇ ಯಾಕೆ?

'ದೇವರಿಗೆ ನೇರವಾಗಿ ಹೇಳಿದರೆ ಸಾಲದೇ? ನಡುವೆ ಇನ್ನೊಬ್ಬ ಮನುಷ್ಯ ಯಾಕೆ?' ಎನ್ನುವುದು ಮತ್ತೊಂದು ಪ್ರಶ್ನೆ. ಪುನರುತ್ಥಾನದ ನಂತರ ಯೇಸು ತನ್ನ ಶಿಷ್ಯರಿಗೆ ಪಾಪ ಕ್ಷಮಿಸುವ ಅಧಿಕಾರ ಕೊಟ್ಟನೆಂದು ಯೊವಾನ್ನನ ಶುಭಸಂದೇಶದಲ್ಲಿದೆ. ಕ್ಯಾಥೊಲಿಕರ ನಂಬಿಕೆ ನಿಂತಿರುವುದು ಅದರ ಮೇಲೆ. ಮೊದಲ ಶತಮಾನಗಳಲ್ಲಿ ದೊಡ್ಡ ಪಾಪಗಳಿಗೆ ಎಲ್ಲರೆದುರು ವರ್ಷಗಟ್ಟಲೆ ಪ್ರಾಯಶ್ಚಿತ್ತ ಮಾಡಬೇಕಿತ್ತು. ಒಬ್ಬೊಬ್ಬರಾಗಿ ಗುಟ್ಟಿನಲ್ಲಿ ನಿವೇದಿಸುವ ಪದ್ಧತಿ ಯುರೋಪಿನಲ್ಲಿ ಹರಡಿದ್ದು ಐರ್ಲೆಂಡಿನ ಸನ್ಯಾಸಿಗಳಿಂದ. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂಬ ನಿಯಮ ಬಂದದ್ದು 1215ರ ಲ್ಯಾಟರನ್ ಮಹಾಸಭೆಯಲ್ಲಿ. ಬೂದಿ ಬುಧವಾರದಿಂದ ಆರಂಭವಾಗುವ ತಪಸ್ಸು ಕಾಲದಲ್ಲಿ, ಅದರಲ್ಲೂ ಈಸ್ಟರ್ ಹತ್ತಿರ ಬಂದಂತೆ, ನಮ್ಮ ಚರ್ಚ್‌ಗಳಲ್ಲಿ ಸಾಲುಗಳು ಉದ್ದವಾಗುವುದನ್ನು ಇಂದಿಗೂ ನೋಡಬಹುದು.

ಕೇಳಿಸಿಕೊಂಡ ಗುರುಗಳು ಅದನ್ನು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಹೇಳಿದರೆ ಅವರಿಗೆ ಸಭೆಯಿಂದಲೇ ಬಹಿಷ್ಕಾರ. ಹಾಗೆಂದು ಗುರುಗಳು ಪಾಪವಿಲ್ಲದವರು ಎಂದೇನೂ ಅಲ್ಲ. ಅವರೂ ಇನ್ನೊಬ್ಬ ಗುರುಗಳ ಮುಂದೆ ಮಂಡಿಯೂರಬೇಕು. 2014ರ ಮಾರ್ಚ್‌ನಲ್ಲಿ ಸಂತ ಪೇತ್ರರ ಮಹಾದೇವಾಲಯದಲ್ಲಿ ಪೋಪ್ ಫ್ರಾನ್ಸಿಸ್ ಎಲ್ಲರೂ ನೋಡುತ್ತಿದ್ದಂತೆಯೇ ಸಾಮಾನ್ಯ ಗುರುಗಳೊಬ್ಬರ ಮುಂದೆ ಮಂಡಿಯೂರಿ ನಿವೇದಿಸಿದರು. ಪೋಪ್‌ಗೂ ರಿಯಾಯಿತಿ ಇಲ್ಲ!

ಅದೂ ಅಲ್ಲದೆ, ಮನಸ್ಸಿನಲ್ಲೇ ಹೇಳಿಕೊಳ್ಳುವಾಗ ನಾವು ನಮ್ಮದೇ ವಕೀಲರಾಗಿಬಿಡುತ್ತೇವೆ. 'ಅವನೂ ಹಾಗೆ ಮಾಡಿದ್ದ', 'ಆಗಿನ ಪರಿಸ್ಥಿತಿಯೇ ಹಾಗಿತ್ತು' ಎಂದು ವಾದ ಹೂಡುತ್ತೇವೆ. ಇನ್ನೊಬ್ಬರ ಕಿವಿಗೆ ಬೀಳುವಂತೆ 'ನಾನು ಮಾಡಿದೆ' ಎಂದು ಹೇಳುವಾಗ ಆ ವಾದಗಳು ಗಂಟಲಲ್ಲೇ ಉಳಿಯುತ್ತವೆ.

ಕೋಳಿಯ ಪುಕ್ಕದ ಪಾಠ

ಈಗ ಐದನೆಯ ಮೆಟ್ಟಿಲಿಗೆ ಬರೋಣ. ಪ್ರಾಯಶ್ಚಿತ್ತವೆಂದರೆ ಕ್ಷಮೆಗೆ ಕಟ್ಟುವ ಶುಲ್ಕವಲ್ಲ. ದೇವರ ಕ್ಷಮೆ ಉಚಿತ. ಆದರೆ ಪಾಪದಿಂದ ಆದ ಹಾನಿ ಅಲ್ಲೇ ಉಳಿದಿರುತ್ತದಲ್ಲ? ಮುರಿದ ಕಾಲಿನ ಮೂಳೆ ಕೂಡಿದ ಮೇಲೂ ಮತ್ತೆ ನಡೆಯಲು ಅಭ್ಯಾಸ ಮಾಡಬೇಕು, ಇದೂ ಹಾಗೆಯೇ. ಕದ್ದದ್ದನ್ನು ಹಿಂದಿರುಗಿಸಬೇಕು, ಹಾಳು ಮಾಡಿದ ಹೆಸರನ್ನು ಸರಿಪಡಿಸಬೇಕು ಎಂದು ಸಭೆಯ ಬೋಧನೆ ಸ್ಪಷ್ಟವಾಗಿಯೇ ಹೇಳುತ್ತದೆ. ಲೂಕನ ಶುಭಸಂದೇಶದಲ್ಲಿ ಬರುವ ಸುಂಕದವನು ಜಕ್ಕಾಯ, ಯೇಸು ತನ್ನ ಮನೆಗೆ ಬಂದ ಖುಷಿಯಲ್ಲಿ ಬರೀ ಊಟ ಹಾಕಿ ಸುಮ್ಮನಾಗಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದು ಘೋಷಿಸಿದ.

ಹದಿನಾರನೆಯ ಶತಮಾನದಲ್ಲಿ ರೋಮ್‌ನಲ್ಲಿದ್ದ ಸಂತ ಫಿಲಿಪ್ ನೇರಿಯ ಬಗ್ಗೆ ಒಂದು ಕಥೆ ಹೇಳುತ್ತಾರೆ. ಚಾಡಿ ಹೇಳುವ ಅಭ್ಯಾಸವಿದ್ದ ಒಬ್ಬ ಹೆಂಗಸಿಗೆ ಅವರು ಕೊಟ್ಟ ಪ್ರಾಯಶ್ಚಿತ್ತ ವಿಚಿತ್ರವಾಗಿತ್ತು: ಒಂದು ಕೋಳಿ ತಂದು, ದಾರಿಯುದ್ದಕ್ಕೂ ಅದರ ಪುಕ್ಕ ಕೀಳುತ್ತಾ ಬಾ. ಆಕೆ ಹಾಗೇ ಮಾಡಿದಳು. 'ಈಗ ಹೋಗಿ ಅಷ್ಟೂ ಪುಕ್ಕ ಆರಿಸಿಕೊಂಡು ಬಾ' ಎಂದರಂತೆ. ಗಾಳಿಗೆ ಹಾರಿಹೋದದ್ದನ್ನು ಎಲ್ಲಿಂದ ಆರಿಸುವುದು? ಇಂದು ಒಂದು ಹುಡುಗಿಯ ಫೋಟೊವನ್ನೋ, ಒಬ್ಬನ ಬಗ್ಗೆ ಹಬ್ಬಿದ ಸುಳ್ಳನ್ನೋ ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡುವವರು ಈ ಕಥೆ ಓದಬೇಕು. 'ಡಿಲೀಟ್ ಫಾರ್ ಎವ್ರಿಒನ್' ಒತ್ತಿದರೂ ಪುಕ್ಕಗಳು ವಾಪಸ್ ಬರುವುದಿಲ್ಲ.

ರಾಖಿ ಕಟ್ಟಿದ ಕೈ

ಇಷ್ಟೆಲ್ಲ ಶಾಸ್ತ್ರವಾಯಿತು. ಬದುಕಿನಲ್ಲಿ ಇದು ಹೇಗೆ ಕಾಣುತ್ತದೆ? ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. ಕೇರಳದ ಪುಲ್ಲುವಳಿಯಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಉದಯನಗರದಲ್ಲಿ ಬಡ ಆದಿವಾಸಿಗಳ ನಡುವೆ ಕೆಲಸ ಮಾಡುತ್ತಿದ್ದರು. ಸಾಲದ ಸುಳಿಯಲ್ಲಿ ಸಿಕ್ಕವರಿಗೆ ತಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿಸುತ್ತಿದ್ದರು. ಬಡ್ಡಿಗೆ ಕೊಡುವವರಿಗೆ ಇದು ಸಹಿಸಲಿಲ್ಲ. 1995ರ ಫೆಬ್ರುವರಿ 25ರಂದು ಇಂದೋರ್‌ಗೆ ಹೊರಟಿದ್ದ ಅವರನ್ನು, ಬಲಾಢ್ಯರ ಮಾತು ಕೇಳಿದ ಸಮಂದರ್ ಸಿಂಗ್ ಎಂಬ ಯುವಕ ಚೂರಿಯಿಂದ ಇರಿದು ಕೊಂದ. ಆಗ ಸಿಸ್ಟರ್‌ಗೆ 41 ವರ್ಷ.

ಕೊಲೆಗಾರನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ರಾಣಿ ಮರಿಯಾರ ತಂಗಿ, ಸ್ವತಃ ಸನ್ಯಾಸಿನಿಯಾದ ಸಿಸ್ಟರ್ ಸೆಲ್ಮಿ ಪಾಲ್, ರಕ್ಷಾಬಂಧನದ ದಿನ ಇಂದೋರ್ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅಕ್ಕನನ್ನು ಕೊಂದ ಕೈಗೆ! ಅವನ ಬಿಡುಗಡೆಗೆ ಆ ಕುಟುಂಬವೇ ಸರ್ಕಾರವನ್ನು ಕೋರಿತು. 2006ರಲ್ಲಿ ಹೊರಗೆ ಬಂದ ಸಮಂದರ್, ಮುಂದೆ ಕೇರಳಕ್ಕೆ ಹೋಗಿ ಆ ವೃದ್ಧ ತಂದೆ ತಾಯಿಯ ಎದುರು ನಿಂತ. ಅವರು ಅವನನ್ನು ಮನೆಯೊಳಗೆ ಬರಮಾಡಿಕೊಂಡರು. ಉದಯನಗರದಲ್ಲಿರುವ ಸಿಸ್ಟರ್ ಸಮಾಧಿಗೂ ಅವನು ಹೋಗಿಬರುತ್ತಾನೆ. 2017ರ ನವೆಂಬರ್ 4ರಂದು ಇಂದೋರ್‌ನಲ್ಲಿ ರಾಣಿ ಮರಿಯಾರನ್ನು ಸಂತ ಪದವಿಯ ಹಿಂದಿನ ಮೆಟ್ಟಿಲಿಗೆ ಏರಿಸಿದ ಸಮಾರಂಭದಲ್ಲಿ ಅವನೂ ಇದ್ದ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ರಾಖಿ ಕಟ್ಟಿದ ಮರುದಿನವೇ ಜೈಲಿನ ಬಾಗಿಲು ತೆರೆಯಲಿಲ್ಲ; ಅವನು 11 ವರ್ಷ ಜೈಲಿನಲ್ಲಿದ್ದ. 1981ರ ಮೇ 13ರಂದು ತನಗೆ ಗುಂಡಿಕ್ಕಿದ ಅಲಿ ಅಗ್ಜಾನನ್ನು ಪೋಪ್ ಎರಡನೇ ಜಾನ್ ಪಾಲ್ ಕೆಲವೇ ದಿನಗಳಲ್ಲಿ ಕ್ಷಮಿಸಿದರು. 1983ರಲ್ಲಿ ಜೈಲಿಗೇ ಹೋಗಿ ಪಕ್ಕದಲ್ಲಿ ಕುಳಿತು ಮಾತಾಡಿದರು. ಆದರೂ ಅವನು ಇಟಲಿಯ ಜೈಲಿನಲ್ಲಿ 2000ದವರೆಗೆ ಇದ್ದ. ಕ್ಷಮೆ ಬೇರೆ, ನ್ಯಾಯ ಬೇರೆ. ಒಂದು ಬಂದರೆ ಇನ್ನೊಂದು ಬೇಡವೆಂದಲ್ಲ.

ಈ ಪಾಠವನ್ನು ಸಭೆ ತಾನೇ ಮರೆತ ಉದಾಹರಣೆಯೂ ಇದೆ. ಹಲವು ದೇಶಗಳಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಗುರುಗಳನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡಿ ಮುಚ್ಚಿಡಲಾಯಿತು. ನೊಂದ ಮಕ್ಕಳ ಪಾಲಿಗೆ ಅದು ಎರಡನೆಯ ಪೆಟ್ಟು. 2010ರಲ್ಲಿ ಈ ಬಗ್ಗೆ ಮಾತಾಡುತ್ತಾ, ಕ್ಷಮೆ ನ್ಯಾಯದ ಜಾಗ ತುಂಬಲಾರದು ಎಂಬರ್ಥದಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಹೇಳಬೇಕಾಯಿತು. ಕರುಣೆಯ ಹೆಸರಿನಲ್ಲಿ ಸತ್ಯವನ್ನು ಮುಚ್ಚಿದರೆ ಅದು ಕರುಣೆಯಲ್ಲ, ಇನ್ನೊಂದು ಪಾಪ.

ಇಬ್ಬರು ಶಿಷ್ಯರು

ಹಾಗಾದರೆ ಕರುಣೆ ಯಾರಿಗಾಗಿ? ಯೇಸುವನ್ನು ಬಂಧಿಸಿದ ರಾತ್ರಿ ಅವನ ಇಬ್ಬರು ಶಿಷ್ಯರು ಎಡವಿದರು. ಯೂದ ಬೆಳ್ಳಿ ನಾಣ್ಯಗಳಿಗೆ ಗುರುವನ್ನು ಹಿಡಿದುಕೊಟ್ಟ. ಪೇತ್ರ 'ಅವನು ಯಾರೋ ನನಗೆ ಗೊತ್ತಿಲ್ಲ' ಎಂದು ಮೂರು ಸಲ ಹೇಳಿದ. ಇಬ್ಬರೂ ನೊಂದರು. ಯೂದ ನಾಣ್ಯಗಳನ್ನೂ ವಾಪಸ್ ಎಸೆದ. ಆದರೆ ತನಗಿನ್ನು ಕ್ಷಮೆಯೇ ಇಲ್ಲ ಎಂಬಂತೆ ನೇಣು ಹಾಕಿಕೊಂಡ. ಪೇತ್ರ ಬಿಕ್ಕಿ ಬಿಕ್ಕಿ ಅತ್ತ, ಆಮೇಲೆ ಗುರುವಿನ ಬಳಿಗೇ ಮರಳಿದ. ಮುಂದೆ ಅವನೇ ಸಭೆಯ ಮೊದಲ ನಾಯಕನಾದ.

ಒಂದು ತಪ್ಪಿನಿಂದ ತನ್ನ ಕಥೆಯೇ ಮುಗಿಯಿತು ಎಂದುಕೊಳ್ಳುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವರು, ಮನೆಯವರಿಗೆ ಗೊತ್ತಾಗದಂತೆ ಆನ್‌ಲೈನ್ ಆಟದಲ್ಲಿ ದುಡ್ಡು ಕಳೆದವರು, ಪ್ರೀತಿಸಿದವರಿಗೆ ಮೋಸ ಮಾಡಿದವರು. ಅವರಿಗೆ ಸಮಾಜ ಅಂಟಿಸುವ ಹಣೆಪಟ್ಟಿ ಬೇಗ ಕಳಚುವುದಿಲ್ಲ. ದಾರಿ ತಪ್ಪಿದ ಮಗನ ಕಥೆಯಲ್ಲಿ, ಆಸ್ತಿಯೆಲ್ಲ ಹಾಳುಮಾಡಿ ಬಂದವನನ್ನು ಕಂಡ ಅಪ್ಪ ಬಾಗಿಲಲ್ಲಿ ನಿಂತು ಲೆಕ್ಕ ಕೇಳುವುದಿಲ್ಲ. ದೂರದಿಂದಲೇ ನೋಡಿ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಆದರೆ ಆ ಮಗ ಹಂದಿಗಳ ನಡುವಿನಿಂದ ಎದ್ದು ಮನೆಯ ದಾರಿ ಹಿಡಿದಿದ್ದ ಎಂಬುದನ್ನೂ ಮರೆಯಬಾರದು.

ಕ್ಷಮೆ ಸಿಗುತ್ತದೆಂದು ತಪ್ಪು ಮಾಡುವವನಿಗೂ, ಕ್ಷಮೆಯೇ ಇಲ್ಲವೆಂದು ಕುಸಿದು ಕೂರುವವನಿಗೂ ಈ ಕಥೆಯಲ್ಲಿ ಉತ್ತರವಿದೆ. ಓಡಿ ಬರುವುದು ಅಪ್ಪನ ಕೆಲಸ. ಎದ್ದು ಹೊರಡುವುದು ನಮ್ಮದು.