ಹಿಂಡಿನ ನಾಯಿಗೊಂದು ಔಷಧಿ ಚೀಲ

ಪೆರೇಸಂದ್ರದ ಸುತ್ತಿನ ಬೀಳು, ಗುಡ್ಡಗಳಲ್ಲಿ ಕುರಿ ಕಾಯುವ ನಾಯಿಗೆ ಜಾಲಿಮುಳ್ಳು, ಕಚ್ಚಾಟದ ಗಾಯ, ಬಿಸಿಲು ಮೂರೂ ಕಾಟವೇ. ಕುರಿಗಾಹಿಯ ಹೆಗಲಚೀಲದಲ್ಲಿ ಚಿಮಟ, ಪೊವಿಡೋನ್ ಅಯೋಡಿನ್, ಗಾಜ್ ಬಟ್ಟೆ, ಸೋಪು, ಬೇಕಾದಷ್ಟು ನೀರು ಇರಬೇಕು. ನೋವಿನಲ್ಲಿ ನಾಯಿ ಸಾಕಿದವರನ್ನೇ ಕಚ್ಚೀತು. ಮೊದಲು ಮೂತಿಗೆ ಬಟ್ಟೆ ಕಟ್ಟುವುದು ಕ್ಷೇಮ. ಏದುಸಿರು, ವಾಂತಿ ಇದ್ದರೆ ಮಾತ್ರ ಕಟ್ಟಬಾರದು. ಮುಳ್ಳನ್ನು ಹೊಕ್ಕ ದಾರಿಯಲ್ಲೇ ನೇರವಾಗಿ ಎಳೆದು, ಬೆರಳಸಂದು ತೊಳೆದು ಔಷಧಿ ಹಚ್ಚಬೇಕು.

ನಾಯಿಯ ಸಹಜ ಮೈಬಿಸಿ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಬಿಸಿಲಿಗೆ ತತ್ತರಿಸಿದರೆ ನೆರಳಿಗೊಯ್ದು, ಮೈಗೆ ನೀರು ಸುರಿದು ಗಾಳಿ ಬೀಸಬೇಕು. ಹಾವು ಕಚ್ಚಿದರೆ ಕೊಯ್ಯುವುದೂ ಬೇಡ, ಬಿಗಿಯುವುದೂ ಬೇಡ. ನಡೆಸದೆ, ಹೊತ್ತುಕೊಂಡೇ ಪಶು ಆಸ್ಪತ್ರೆಗೆ ಸಾಗಿಸಬೇಕು. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆ ನಾಯಿಗೆ ವಿಷವಾಗಬಲ್ಲವು, ಚೀಲಕ್ಕೆ ಸೇರಕೂಡದು. ಪಶು ಸಹಾಯವಾಣಿಯ ಸಂಖ್ಯೆ 1962.