ಹಾರ್ಡ್ ಡಿಸ್ಕ್ ಸದ್ದು ಮಾಡುವುದೇಕೆ?

ಪ್ರಶ್ನೆ: ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸದ್ದು ಜೋರಾಗಿ ಕೇಳುತ್ತದೆ. ಯಾಕೆ? ಕಡಿಮೆ ಮಾಡುವುದು ಹೇಗೆ?
– ಓದುಗರು, ಭಾಲ್ಕಿ

ಉತ್ತರ: ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5,400 ಅಥವಾ 7,200 ಸುತ್ತು ತಿರುಗುತ್ತವೆ. ‘ಗುಂಯ್’ ಎನ್ನುವುದು ಆ ತಿರುಗಾಟದ ಸದ್ದು. ಮಾಹಿತಿ ಹುಡುಕುತ್ತ ಪುಟ್ಟ ತೋಳೊಂದು ಅವುಗಳ ಮೇಲೆ ಅತ್ತಿತ್ತ ಓಡಾಡುತ್ತದೆ. ‘ಕಟಕಟ’ ಅದರದು. ಇವೆರಡರಿಂದ ಹುಟ್ಟುವ ಅದುರು ಸ್ಕ್ರೂಗಳ ಮೂಲಕ ಕಂಪ್ಯೂಟರಿನ ತಗಡಿನ ಪೆಟ್ಟಿಗೆಗೆ ದಾಟಿ ದೊಡ್ಡದಾಗುತ್ತದೆ. ವೈಬ್ರೇಶನ್‌ನಲ್ಲಿರುವ ಮೊಬೈಲು ಹಾಸಿಗೆಯ ಮೇಲಿದ್ದರೆ ಕೇಳಿಸದು, ಸ್ಟೀಲ್ ತಟ್ಟೆಯಲ್ಲಿದ್ದರೆ ಮನೆಗೆಲ್ಲ ಕೇಳುತ್ತದೆ. ಇದೂ ಹಾಗೆಯೇ.

ಸದ್ದು ತಗ್ಗಿಸಲು ಒಂದು ದಾರಿ, ಹಾರ್ಡ್ ಡಿಸ್ಕಿನ ಬದಲಿಗೆ ಬಳಸುವ ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಮಾಹಿತಿ ಚಿಪ್‌ನಲ್ಲಿರುತ್ತದೆ. ವಿಂಡೋಸ್ ಮತ್ತು ದಿನಬಳಕೆಯ ತಂತ್ರಾಂಶಗಳನ್ನು ಸಣ್ಣ ಎಸ್‌ಎಸ್‌ಡಿಗೆ ಹಾಕಿಸಿ. ಫೋಟೊ, ಸಿನಿಮಾಗಳಿಗೆ ಹಳೆಯ ಡಿಸ್ಕ್ ಇರಲಿ. ಕೆಲಸವಿಲ್ಲದಾಗ ಅದು ತಾನೇ ನಿಲ್ಲುವಂತೆ ಪವರ್ ಸೆಟ್ಟಿಂಗ್‌ನಲ್ಲಿ ಹೊಂದಿಸಿ. ಹೊಸ ಹಾರ್ಡ್ ಡಿಸ್ಕೇ ಬೇಕಿದ್ದರೆ 5,400 ಸುತ್ತಿನದು ಸಾಮಾನ್ಯವಾಗಿ ಮೆತ್ತಗೆ ಓಡುತ್ತದೆ. ಸ್ಕ್ರೂಗಳ ಕೆಳಗೆ ರಬ್ಬರ್ ವಾಷರ್ ಹಾಕಿಸಿದರೆ ಅದುರು ತಗ್ಗುತ್ತದೆ. ಸದ್ದು ಅಡಗಿಸಲೆಂದು ಪೆಟ್ಟಿಗೆಗೆ ಬಟ್ಟೆ ಮಾತ್ರ ಹೊದಿಸಬೇಡಿ. ಬೀದರ್, ಔರಾದ್ ಕಡೆಯ ಬೇಸಿಗೆಯಲ್ಲಿ ಡಿಸ್ಕ್ ಕಾದು ಹೋಗುತ್ತದೆ.

ಇದುವರೆಗೆ ಇಲ್ಲದ ‘ಟಕ್ ಟಕ್’ ಸದ್ದು ಶುರುವಾದರೆ ಡಿಸ್ಕ್ ಕೆಡುತ್ತಿರಬಹುದು. ಆಗ ತಡಮಾಡದೆ ಫೋಟೊ, ದಾಖಲೆಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ.