ರೈತರ ಸರ್ಕಾರಕ್ಕೆ ನಗರದಲ್ಲಿ ನೆಂಟರಿರಲಿಲ್ಲ

1923ರ ಜೂನ್ 9ರ ನಸುಕಿನಲ್ಲಿ ಬಲ್ಗೇರಿಯಾದ ರಾಜಧಾನಿ ಸೋಫಿಯಾ ಸೈನ್ಯದ ವಶವಾಯಿತು. ಪ್ರಧಾನಿ ಅಲೆಕ್ಸಾಂಡರ್ ಸ್ತಾಂಬೊಲಿಸ್ಕಿ ಆಗ ತಮ್ಮೂರು ಸ್ಲಾವೊವಿತ್ಸಾದಲ್ಲಿದ್ದರು. ಆ ಏಪ್ರಿಲ್‌ನಲ್ಲಷ್ಟೇ ಅವರ ರೈತ ಪಕ್ಷ 245 ಸ್ಥಾನಗಳಲ್ಲಿ 212 ಗೆದ್ದಿತ್ತು. ಐದು ದಿನದಲ್ಲಿ ಅವರು ಸೆರೆಸಿಕ್ಕರು. ನೆರೆಯ ಯುಗೊಸ್ಲಾವ್ ರಾಜ್ಯದೊಂದಿಗಿನ ಒಪ್ಪಂದಕ್ಕೆ ರುಜು ಹಾಕಿದ್ದ ಕೈಯನ್ನು ಕಡಿದು, ಕೊಂದು, ತಲೆಯನ್ನು ಸೋಫಿಯಾಕ್ಕೆ ಕಳಿಸಿದರು.

ಹಗೆಗಳು ಬೇಕಾದಷ್ಟಿದ್ದರು. ಯುದ್ಧ ಸೋತ ದೇಶದ ಸೈನ್ಯವನ್ನು ಗೆದ್ದವರು 20,000ಕ್ಕೆ ಇಳಿಸಿದ್ದರು. ಕೆಲಸ ಹೋದ ಅಧಿಕಾರಿಗಳು ಗುಟ್ಟಾಗಿ ಸಂಘ ಕಟ್ಟಿಕೊಂಡಿದ್ದರು. ಕುಟುಂಬಕ್ಕೆ 30 ಹೆಕ್ಟೇರ್ ಎಂಬ ಭೂಮಿತಿ ಜಮೀನುಳ್ಳವರನ್ನು ಕೆರಳಿಸಿತ್ತು. ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆ. 1919ರ ಕೊನೆಯಲ್ಲಿ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದಾಗ ಸ್ತಾಂಬೊಲಿಸ್ಕಿ ದೊಣ್ಣೆ ಹಿಡಿದ ಹಳ್ಳಿಗರ ‘ಕಿತ್ತಳೆ ದಳ’ವನ್ನು ನಗರಕ್ಕೆ ಇಳಿಸಿ ಅದನ್ನು ಮುರಿದರು. 1923ರ ಜೂನ್‌ನಲ್ಲಿ ಸ್ತಾಂಬೊಲಿಸ್ಕಿಯ ಮೇಲೇ ಬಂದೂಕು ತಿರುಗಿದಾಗ ಕಾರ್ಮಿಕರ ಕಮ್ಯುನಿಸ್ಟ್ ಪಕ್ಷ, ಇದು ನಮ್ಮ ಜಗಳವಲ್ಲ ಎಂದು ಕೈಕಟ್ಟಿ ಕೂತಿತು. ಕೆಲವೇ ತಿಂಗಳಲ್ಲಿ, ಸೆಪ್ಟೆಂಬರ್‌ನಲ್ಲಿ ಆ ಪಕ್ಷ ದಂಗೆ ಎದ್ದಾಗ ಅದೇ ಸೈನ್ಯ ಅದನ್ನೂ ಹೊಸಕಿಹಾಕಿತು.

ಎರಡು ಮಹಾಯುದ್ಧಗಳ ನಡುವಿನ ಅದೇ ಕಾಲದಲ್ಲಿ ಮುಂಬಯಿ ರೈತನನ್ನು ಹೀಗೆ ಕೈಬಿಡಲಿಲ್ಲ. 1937ರ ಸೆಪ್ಟೆಂಬರ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಖೋತಿ ಪದ್ಧತಿ ರದ್ದತಿಯ ಮಸೂದೆಯನ್ನು ಪ್ರಾಂತೀಯ ಸಭೆಯಲ್ಲಿ ಮಂಡಿಸಿದರು (ಧಾರವಾಡ, ಬೆಳಗಾವಿ, ವಿಜಾಪುರದ ಸದಸ್ಯರೂ ಕೂರುತ್ತಿದ್ದ ಸಭೆಯದು). ಸರ್ಕಾರಕ್ಕೂ ಒಕ್ಕಲಿಗೂ ನಡುವೆ ಕೂತು ಗೇಣಿ, ಬಿಟ್ಟಿ ಎರಡನ್ನೂ ಹಿಂಡುತ್ತಿದ್ದ ಖೋತರ ವಿರುದ್ಧದ ಹೋರಾಟವದು. 1938ರ ಜನವರಿ 10ರಂದು ಕೊಂಕಣದ ಸಾವಿರಾರು ರೈತರು ಮುಂಬಯಿಯ ಕೌನ್ಸಿಲ್ ಹಾಲ್‌ನತ್ತ ಮೆರವಣಿಗೆ ಹೊರಟರು.

ಅವರಿಗೆ ಈ ಊರು ಪರಕೀಯವಾಗಿರಲಿಲ್ಲ. ಪರಳ್, ಲಾಲ್‌ಬಾಗ್‌ನ ಗಿರಣಿಗಳಲ್ಲಿ ಮಗ್ಗ ನಡೆಸುತ್ತಿದ್ದವರಲ್ಲಿ ರತ್ನಾಗಿರಿಯ ಒಕ್ಕಲು ಮಕ್ಕಳೇ ಬಹಳ. ಚಾಳಿನ ಒಂದೇ ಖೋಲಿಯಲ್ಲಿ ಪಾಳಿಯಂತೆ ಮಲಗಿ, ಖಾನಾವಳಿಯಲ್ಲಿ ಉಂಡು, ಉಳಿದದ್ದನ್ನು ಮನಿಯಾರ್ಡರ್ ಮಾಡಿ, ಗಣಪತಿ ಹಬ್ಬಕ್ಕೆ ಊರಿಗೆ ಓಡುತ್ತಿದ್ದರು. ಗೇಣಿಯ ಬಾಕಿ ತೀರುತ್ತಿದ್ದದ್ದೂ ಎಷ್ಟೋ ಸಲ ಗಿರಣಿಯ ಪಗಾರದಿಂದಲೇ. ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷ ರೈತ, ಕಾರ್ಮಿಕ ಇಬ್ಬರನ್ನೂ ಒಟ್ಟಿಗೆ ಹಿಡಿದುಕೊಂಡಿತು. ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಮಸೂದೆಯ ವಿರುದ್ಧ ಅದೇ ವರ್ಷದ ನವೆಂಬರ್ 7ರಂದು ಆ ಪಕ್ಷವೂ ಕಮ್ಯುನಿಸ್ಟರೂ ಕೂಡಿಯೇ ಗಿರಣಿಗಳನ್ನು ನಿಲ್ಲಿಸಿದರು. ಸೋಫಿಯಾದಲ್ಲಿ ಆಗದೇ ಹೋದದ್ದು ಇದೇ.

ಅಂಬೇಡ್ಕರರ ಮಸೂದೆ ಮಾತ್ರ ಕಾನೂನಾಗಲಿಲ್ಲ. ಖೋತಿ ರದ್ದಾಗಲು 1949ರ ಕಾಯ್ದೆಯವರೆಗೆ ಕಾಯಬೇಕಾಯಿತು. ಮೆರವಣಿಗೆಯಲ್ಲಿ ನಡೆದ ಮುದುಕರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ಖೋತರ ಒಕ್ಕಲಾಗಿಯೇ ಕಣ್ಣು ಮುಚ್ಚಿರಬೇಕು. ಆ ವಿಳಂಬಕ್ಕೆ ನನಗೆ ಇಂದಿಗೂ ಸಿಟ್ಟಿದೆ.